ಊರಲ್ಲಿ ಇನ್ನೊಬ್ಬ ಗುರ್ತಿನವರು: ವಲಸೆ ಕಾರ್ಮಿಕರ ಜೊತೆ ಸಣ್ಣ ಸಂಘವೊಂದು ಕೆಲಸ ಮಾಡುವ ಬಗೆ

ಕಾರವಾರದ ಬೈತಕೋಲ ಬಂದರಿಗೆ ಸಂಜೆ ಹೋಗಿ ನಿಂತರೆ ನಾಲ್ಕೈದು ಭಾಷೆ ಕಿವಿಗೆ ಬೀಳುತ್ತದೆ. ಕೊಂಕಣಿ, ಕನ್ನಡ ನಮ್ಮವು. ಒಡಿಯಾ, ತೆಲುಗು, ಹಿಂದಿ ಬಂದವರದ್ದು. ಬಲೆ ಎಳೆಯುವವರು, ಐಸ್ ಒಡೆಯುವವರು, ಮೀನಿನ ಬುಟ್ಟಿ ಹೊರುವವರು. ಕೈಗಾ ಕಡೆಗೋ ಹೆದ್ದಾರಿ ಕಡೆಗೋ ಹೋದರೆ ಬಿಹಾರ, ಜಾರ್ಖಂಡ್ ಹುಡುಗರು ಸಿಗುತ್ತಾರೆ. ಘಟ್ಟ ಹತ್ತಿ ಶಿರಸಿಗೆ ಹೋದರೆ ತೋಟದಲ್ಲಿ ಹಾವೇರಿ, ಹಾನಗಲ್ ಕಡೆಯವರು.

ನಮ್ಮ ಕಡೆ ಯಾವ ಕೆಲಸಕ್ಕೆ ಹೊರಟರೂ ಮೊದಲು ಕೇಳುವುದು ಒಂದೇ: "ಅಲ್ಲಿ ಗುರ್ತಿನವರು ಯಾರಿದ್ದಾರೆ?" ಆಸ್ಪತ್ರೆಗೆ ಹೋದರೂ ಅದೇ, ತಹಶೀಲ್ದಾರ್ ಕಚೇರಿಗೆ ಹೋದರೂ ಅದೇ. ಹೊರಗಿನಿಂದ ಬಂದವನಿಗೆ ಈ ಊರಲ್ಲಿ ಗುರ್ತಿನವನು ಒಬ್ಬನೇ. ಕರೆದುಕೊಂಡು ಬಂದ ಮೇಸ್ತ್ರಿ. ಕೆಲಸ ಕೊಡುವವನು ಅವನು, ರೂಮು ತೋರಿಸಿದವನು ಅವನು, ಜ್ವರ ಬಂದರೆ ಗುಳಿಗೆ ತರುವವನೂ ಅವನೇ. ಅವನೇ ಕೈಕೊಟ್ಟರೆ ಊರಿಗೆ ಊರೇ ಅಪರಿಚಿತ. ಸಂಘ ಮಾಡಬೇಕಾದ್ದು ಇಷ್ಟೇ, ಅವನಿಗೆ ಎರಡನೇ ಗುರ್ತಿನವರಾಗುವುದು. ಅದನ್ನು ಹೇಗೆ ಮಾಡುವುದು ಅಂತ ನಮ್ಮ ಅನುಭವದ ಮೇಲೆ ಬರೆಯುತ್ತಿದ್ದೇನೆ. ಯುವಕ ಸಂಘ, ಮಹಿಳಾ ಸಂಘ, ಚರ್ಚಿನ ಸಮಿತಿ, ಮಸೀದಿ ಕಮಿಟಿ, ಯಾರೂ ಮಾಡಬಹುದು. ಐದಾರು ಜನ ಸಾಕು.

1. ಮೊದಲು ಓಡಾಡಿ, ಬ್ಯಾನರ್ ಆಮೇಲೆ

ಎರಡು ವಾರ ಸುಮ್ನೆ ಓಡಾಡಿ. ಯಾರು ಎಲ್ಲಿ ಕೆಲಸ ಮಾಡುತ್ತಾರೆ, ಎಲ್ಲಿ ಮಲಗುತ್ತಾರೆ, ಯಾವ ಊರಿನವರು, ಯಾರ ಮೂಲಕ ಬಂದರು. ಒಂದು ಹಾಳೆ ಮೇಲೆ ಊರಿನ ನಕ್ಷೆ ಬರೆದು ಗುರುತು ಹಾಕಿ.

ಮಲಗುವ ಜಾಗದ ಮಾತು ಯಾಕೆ ಎಂದರೆ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದದ್ದು ನಮಗೆಲ್ಲ ನೆನಪಿದೆ. ಕೇರಳದ ಲಾರಿ ಚಾಲಕರೊಬ್ಬರ ದೇಹ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಅವರ ಲಾರಿ ಅಲ್ಲೇ ಇತ್ತೆಂದು ಮನೆಯವರಿಗೆ ಗೊತ್ತಿತ್ತು, ಹುಡುಕಿ ಅಂತ ಪಟ್ಟು ಹಿಡಿದರು. ಗುಡ್ಡದ ಬುಡದ ತಗಡಿನ ಶೆಡ್‌ನಲ್ಲಿ ಮಲಗುವ ಹುಡುಗನ ವಿಷಯದಲ್ಲಿ ಪಟ್ಟು ಹಿಡಿಯುವವರು ಯಾರು? ಕೊನೇಪಕ್ಷ ಅವನು ಅಲ್ಲಿದ್ದಾನೆ ಅಂತ ಊರಲ್ಲಿ ಇಬ್ಬರಿಗಾದರೂ ಗೊತ್ತಿರಬೇಕು.

ನಕ್ಷೆಯ ಪಕ್ಕ ಒಂದು ಕ್ಯಾಲೆಂಡರ್ ಇರಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಖಲಾಸಿಗಳು, ಅಂದರೆ ಬೋಟಿನ ಕೆಲಸದವರು, ಊರಿಗೆ ಹೋಗುತ್ತಾರೆ. ಕಟ್ಟಡ ಕೆಲಸ ಮಳೆ ಬಿಟ್ಟ ಮೇಲೆ ಏರುತ್ತದೆ. ಶಿರಸಿಯಲ್ಲಿ ಅಡಿಕೆ ಗೊನೆ ಕೊಯ್ಲು ದೀಪಾವಳಿ ಆಚೀಚೆ ಶುರುವಾಗುತ್ತದೆ. ಜಗಳ ಬರುವುದು ಸೀಸನ್ ಮುಗಿಯುವಾಗ, ಲೆಕ್ಕ ಚುಕ್ತಾ ಮಾಡುವ ಹೊತ್ತಿಗೆ. ಸಂಘದ ಜನ ಆ ವಾರಗಳಲ್ಲಿ ಮದುವೆ, ಪ್ರವಾಸ ಅಂತ ಹೋಗಬಾರದು.

ಈ ಹಂತದಲ್ಲಿ ಸಂಘದೊಳಗೇ ಒಬ್ಬರು ಕೇಳುತ್ತಾರೆ: "ನಮ್ಮ ಹುಡುಗರಿಗೇ ಕೆಲಸ ಇಲ್ಲ, ಇವರಿಗ್ಯಾಕೆ?" ಬೈಯಬೇಡಿ, ಪ್ರಶ್ನೆ ನ್ಯಾಯದ್ದೇ. ನಮ್ಮ ಹುಡುಗರು ಗೋವಾದ ಹೋಟೆಲು, ಫ್ಯಾಕ್ಟರಿಗಳಲ್ಲಿ ಇದ್ದಾರೆ. ಭಟ್ಕಳದ ಎಷ್ಟು ಮನೆಯ ಗಂಡಸರು ಗಲ್ಫ್‌ನಲ್ಲಿದ್ದಾರೆ. ಅಲ್ಲಿ ನಮ್ಮವರೇ ಹೊರಗಿನವರು. ಇನ್ನೊಂದು ಮಾತು ಲೆಕ್ಕದ್ದು. ಹೊರಗಿನವನಿಗೆ ಕಡಿಮೆ ಕೊಟ್ಟು ಕೆಲಸ ತೆಗೆಯಲು ಆಗುವ ತನಕ ಊರಿನವನ ದರವೂ ಏರುವುದಿಲ್ಲ. ಇಬ್ಬರ ಕೂಲಿಯೂ ಒಂದೇ ಹಗ್ಗಕ್ಕೆ ಕಟ್ಟಿದ್ದು.

2. ಒಂದು ಜಾಗ, ಒಂದು ಹೊತ್ತು, ಒಂದು ಫೋನ್ ನಂಬರ್

ಕಚೇರಿ ಬೇಕಿಲ್ಲ. ಒಂದು ಮೇಜು, ನಾಲ್ಕು ಕುರ್ಚಿ, ಚಾ. ಕಾರವಾರದಲ್ಲಿ ಭಾನುವಾರ ಸಂತೆ, ಎಲ್ಲರೂ ಪೇಟೆಗೆ ಬರುತ್ತಾರೆ. ನಾವು ಆವತ್ತು ಸಂಜೆ ಕೂರುತ್ತೇವೆ. ವಾರ ತಪ್ಪಿಸಬಾರದು. ಎರಡು ಭಾನುವಾರ ಬಾಗಿಲು ಹಾಕಿದ್ದರೆ ಮೂರನೇ ಭಾನುವಾರ ಯಾರೂ ಬರುವುದಿಲ್ಲ.

ಫೋನ್ ನಂಬರ್ ಸಂಘದ್ದಾಗಿರಲಿ, ಒಬ್ಬರ ಸ್ವಂತದ್ದು ಬೇಡ. ನಾವು ಮೊದಲು ಒಬ್ಬರ ನಂಬರ್ ಕೊಟ್ಟು ಅವರ ಮನೆಯವರ ನಿದ್ದೆ ಕೆಡಿಸಿದೆವು.

ಭಾಷೆಗೆ ಹೆದರಬೇಡಿ. ಹಿಂದಿ ಅಷ್ಟಿಷ್ಟು ನಡೆಯುತ್ತದೆ. ಆದರೆ ದುಡ್ಡಿನ ಮಾತು, ನೋವಿನ ಮಾತು ತಾಯ್ನುಡಿಯಲ್ಲೇ ಹೊರಬರುವುದು. ವರ್ಷಗಟ್ಟಲೆಯಿಂದ ಇಲ್ಲೇ ಇರುವ ಒಬ್ಬ ಒಡಿಯಾದವನನ್ನೋ ತೆಲುಗಿನವನನ್ನೋ ಹುಡುಕಿ ಸಂಘಕ್ಕೇ ಸೇರಿಸಿಕೊಳ್ಳಿ. ಸಹಾಯಕನಾಗಿ ಅಲ್ಲ, ಸದಸ್ಯನಾಗಿ. ಆದರೆ ಅವನು ಯಾವುದೋ ಮೇಸ್ತ್ರಿಯ ಭಾವಮೈದ ಅಲ್ಲ ಅಂತ ನೋಡಿಕೊಳ್ಳಿ! ನಗಬೇಡಿ, ನಮಗೆ ಆಗಿದೆ.

ನೋಂದಣಿ ಬೇಕೆನಿಸಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 7 ಜನ ಸೇರಿದರೆ ಆಯಿತು. ಮೊದಲ ದಿನವೇ ಅದರ ಹಿಂದೆ ಓಡುವುದು ಬೇಡ.

3. ಹತ್ತು ರೂಪಾಯಿಯ ನೋಟ್‌ಬುಕ್

ಅಕ್ಕಿ ಕಿಟ್ ಹಂಚಿದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ನೋಟ್‌ಬುಕ್ ಹಂಚಿದರೆ ಬರುವುದಿಲ್ಲ. ಆದರೂ ನಾನು ನೋಟ್‌ಬುಕ್ಕೇ ಮೊದಲು ಅನ್ನುತ್ತೇನೆ.

ಕಿಸೆಯಲ್ಲಿ ಹಿಡಿಸುವ ಸಣ್ಣ ಪುಸ್ತಕ. ಪ್ರತಿದಿನ ನಾಲ್ಕು ಸಂಗತಿ ಬರೆಯಬೇಕು. ತಾರೀಖು. ಯಾವ ಸೈಟು ಅಥವಾ ಯಾವ ಬೋಟು. ಎಷ್ಟು ಹೊತ್ತು ಕೆಲಸ. ಖರ್ಚಿಗೆ ಎಷ್ಟು ಇಸಕೊಂಡೆ, ಯಾರ ಕೈಯಿಂದ. ಅವನಿಗೆ ಬರುವ ಲಿಪಿಯಲ್ಲೇ ಬರೆಯಲಿ. ಬರೆಯಲು ಬಾರದವನು ಗೀಟು ಹಾಕಲಿ, ಜೊತೆಗಾರ ಬರೆದುಕೊಡಲಿ. ಭಾನುವಾರ ಆ ಪುಟದ ಫೋಟೋ ತೆಗೆದು ಸಂಘದ ವಾಟ್ಸಾಪ್‌ಗೆ ಹಾಕಬೇಕು. ಪುಸ್ತಕ ನೀರಲ್ಲಿ ಬಿದ್ದರೂ, ಯಾರಾದರೂ ಕಸಿದುಕೊಂಡರೂ ಲೆಕ್ಕ ಉಳಿಯುತ್ತದೆ.

ಇದಕ್ಕೆ ಜೊತೆಯಾಗಿ ಮೂರು ಫೋಟೋ ತೆಗೆದಿಡಲು ಹೇಳಿ. ಸೈಟಿನ ಮುಂದಿನ ಬೋರ್ಡು, ಏಕೆಂದರೆ ಕೆಲಸದ ಹೆಸರು, ಗುತ್ತಿಗೆದಾರನ ಹೆಸರು ಅಲ್ಲೇ ಇರುತ್ತದೆ. ಗೇಟ್ ಪಾಸ್ ಇದ್ದರೆ ಅದು. ಕೆಲಸ ಮಾಡುತ್ತಿರುವಾಗ ಜೊತೆಗಾರರೊಂದಿಗೆ ಒಂದು. ಮೇಸ್ತ್ರಿ ಫೋನ್‌ಪೇಯಲ್ಲಿ ಖರ್ಚಿ (ಕೂಲಿಯಲ್ಲಿ ಕಳೆಯುವ ಮುಂಗಡ) ಹಾಕಿದ್ದರೆ ಆ ಸ್ಕ್ರೀನ್‌ಶಾಟ್ ಚಿನ್ನದಂಥ ಸಾಕ್ಷಿ. "ಈತ ನಮ್ಮಲ್ಲಿ ಕೆಲಸವೇ ಮಾಡಿಲ್ಲ" ಅನ್ನುವ ಮಾತಿಗೆ ಅದೊಂದೇ ಸಾಕಾಗುವುದುಂಟು.

ಕದ್ದುಮುಚ್ಚಿ ಮಾಡಬೇಡಿ. ಮೇಸ್ತ್ರಿಗೆ ಹೇಳಿಯೇ ಕೊಡಿ. ಒಬ್ಬ ಮೇಸ್ತ್ರಿ ಮೊದಲು ಮುಖ ಗಂಟಿಕ್ಕಿಕೊಂಡು, ಎರಡು ವಾರ ಬಿಟ್ಟು ಬಂದು, "ನನಗೂ ಒಂದು ಕೊಡಿ" ಅಂದ. ಅವನಿಗೂ ಮೇಲಿನ ಗುತ್ತಿಗೆದಾರ ಬಾಕಿ ಇಟ್ಟಿದ್ದ. ಎಲ್ಲ ಮೇಸ್ತ್ರಿಯೂ ಕಳ್ಳ ಅಲ್ಲ. ಎಷ್ಟೋ ಸಲ ಅವನೂ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡ ಕಾರ್ಮಿಕನೇ.

4. ಕಾಗದಪತ್ರ: ಯಾವುದು ಮೊದಲು

ಎಲ್ಲ ಯೋಜನೆಯನ್ನೂ ಒಂದೇ ದಿನ ಹೇಳಿದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಆಧಾರ್‌ಗೆ ಈಗ ಬಳಸುವ ಮೊಬೈಲ್ ನಂಬರ್ ಜೋಡಣೆಯಾಗಿದೆಯೇ ನೋಡಿ. ಇಲ್ಲದಿದ್ದರೆ ಮುಂದಿನದೆಲ್ಲ ಒಟಿಪಿ ಹತ್ತಿರ ನಿಲ್ಲುತ್ತದೆ. ಆಮೇಲೆ ಅವನದೇ ಹೆಸರಿನ ಬ್ಯಾಂಕ್ ಖಾತೆ. ಮೇಸ್ತ್ರಿಯ ಖಾತೆಗೆ ಹತ್ತು ಜನರ ಕೂಲಿ ಬೀಳುವ ಪದ್ಧತಿಯೇ ಅರ್ಧ ಜಗಳದ ಮೂಲ.

ಇನ್ನು ಇ-ಶ್ರಮ್, ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರದ ನೋಂದಣಿ. ಶುರುವಾದದ್ದು 2021ರ ಆಗಸ್ಟ್ 26ರಂದು. 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರು, ಪಿಎಫ್ ಅಥವಾ ಇಎಸ್‌ಐ ಇಲ್ಲದವರು, ಸೇರಬಹುದು. 12 ಅಂಕಿಯ ನಂಬರ್ ಬರುತ್ತದೆ, ದೇಶದಲ್ಲಿ ಎಲ್ಲಿ ಹೋದರೂ ಅದೇ. ನೋಂದಣಿ ಪುಕ್ಕಟೆ. ಅದಕ್ಕೆ ದುಡ್ಡು ಕೇಳುವವರಿದ್ದರೆ ನೀವೇ ಫೋನ್‌ನಲ್ಲಿ ಮಾಡಿಕೊಡಿ.

ಕಟ್ಟಡ ಕೆಲಸದವರಿಗೆ ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಬೇರೆ ರಾಜ್ಯದವನು ಅನ್ನುವುದು ಅಡ್ಡಿಯಲ್ಲ. 90 ದಿನದ ಪ್ರಮಾಣಪತ್ರ ಕೊಡಲು ಗುತ್ತಿಗೆದಾರ ಹಿಂಜರಿದರೆ ನಮ್ಮ ನೋಟ್‌ಬುಕ್ ಹಿಡಿದು ಕಾರ್ಮಿಕ ನಿರೀಕ್ಷಕರ ಹತ್ತಿರ ಹೋಗಿ. ಕೆಲಸ ಮಾಡದವರಿಗೆ ಕಾರ್ಡು ಮಾಡಿಸಿಕೊಡಿ ಅಂತ ಊರಿನವರೇ ನಿಮ್ಮನ್ನು ಕೇಳುತ್ತಾರೆ. ಒಮ್ಮೆ ಒಪ್ಪಿದರೆ ಸಂಘದ ಮಾತಿಗೆ ಆ ಕಚೇರಿಯಲ್ಲಿ ಬೆಲೆ ಹೋಯಿತು.

ರೇಷನ್ ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಒಡಿಶಾದ ಕಾರ್ಡಿನ ಮೇಲೆ ಕಾರವಾರದ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಸಿಗುತ್ತದೆ. ಬೆರಳಚ್ಚು ಕೊಟ್ಟರೆ ಆಯಿತು. ತನ್ನ ಪಾಲು ಇಲ್ಲಿ, ಮನೆಯವರ ಪಾಲು ಅಲ್ಲಿ ಅಂತ ಬೇರೆ ಬೇರೆ ತೆಗೆದುಕೊಳ್ಳಲೂ ಆಗುತ್ತದೆ. ಅಂಗಡಿಯವರು "ಹೊರಗಿನ ಕಾರ್ಡ್ ನಡೆಯಲ್ಲ" ಅಂದರೆ ಜಗಳ ಬೇಡ. ಒಮ್ಮೆ ನೀವೇ ಜೊತೆಗೆ ಹೋಗಿ ನಿಂತು ಮಾಡಿಸಿ, ಮುಂದಿನ ತಿಂಗಳಿನಿಂದ ಅವರಿಗೂ ರೂಢಿಯಾಗುತ್ತದೆ.

ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಬ್ಯಾಂಕಿನಲ್ಲೇ ಆಗುತ್ತದೆ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಮರ ಹತ್ತುವವನಿಗೆ, ಬೋಟಿಗೆ ಹೋಗುವವನಿಗೆ ಖಾತೆ ತೆರೆದ ದಿನವೇ ಮಾಡಿಸಿ.

ಒಂದು ಎಚ್ಚರಿಕೆ. ಆಧಾರ್ ಝೆರಾಕ್ಸ್‌ಗಳನ್ನು ಸಂಘದ ಕಪಾಟಿನಲ್ಲಿ ಗುಡ್ಡೆ ಹಾಕಬೇಡಿ. ಕೆಲಸ ಮುಗಿದ ಕೂಡಲೇ ವಾಪಸ್ ಕೊಡಿ. ಮೂಲ ಕಾರ್ಡನ್ನು ಮಾಲೀಕನಾಗಲೀ ಮೇಸ್ತ್ರಿಯಾಗಲೀ ಇಟ್ಟುಕೊಂಡಿದ್ದರೆ ಅದನ್ನು ಬಿಡಿಸುವುದೇ ಮೊದಲ ಕೆಲಸ.

5. ಕೂಲಿ ಬಾಕಿ

ನಮ್ಮ ಮೇಜಿಗೆ ಬರುವ ಹತ್ತರಲ್ಲಿ ಏಳು ದೂರು ಇದೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾನೂನು ಈಗ ಬದಲಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಹಳೆಯ 29 ಕಾನೂನುಗಳ ಜಾಗದಲ್ಲಿ. ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಗೆ ಬರಬೇಕು. ದಿನಗೂಲಿ ಆ ದಿನದ ಕೆಲಸ ಮುಗಿದಾಗ. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ. ಬಾಕಿಗೆ 3 ವರ್ಷದೊಳಗೆ ಅರ್ಜಿ ಹಾಕಬಹುದು. ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕನದು. ಆದರೆ ಅಲ್ಲಿ ಕೆಲಸ ಮಾಡಿದ್ದು ನಿಜ ಅಂತ ತೋರಿಸಲು ನಮ್ಮ ಹತ್ತಿರ ಏನಾದರೂ ಬೇಕಲ್ಲ? ಅದಕ್ಕೇ ನೋಟ್‌ಬುಕ್.

ದೂರು ಬಂದ ದಿನ ಮೊದಲು ಕೂತು ಲೆಕ್ಕ ಹಾಕಿ. ಎಷ್ಟು ದಿನ, ಎಷ್ಟು ದರ, ಎಷ್ಟು ಖರ್ಚಿ ಕಳೆಯಬೇಕು. ಕಾರ್ಮಿಕ ಹೇಳುವ ಮೊತ್ತವೂ ಕೆಲವೊಮ್ಮೆ ತಪ್ಪಿರುತ್ತದೆ. ಒಮ್ಮೆ ನಾವು ಲೆಕ್ಕ ನೋಡದೆ ಮಾಲೀಕನಿಗೆ ಫೋನ್ ಮಾಡಿ ದಬಾಯಿಸಿದೆವು. ಅವನು ಮುಂಗಡದ ಚೀಟಿ ತೆಗೆದು ತೋರಿಸಿದಾಗ ಮುಖ ಎಲ್ಲಿ ಇಟ್ಟುಕೊಳ್ಳುವುದು ಗೊತ್ತಾಗಲಿಲ್ಲ.

ಲೆಕ್ಕ ಖಚಿತವಾದ ಮೇಲೆ ಫೋನ್. ದನಿ ಏರಿಸಬೇಡಿ. "ನಾವು ಇಂಥ ಸಂಘದವರು. ನಿಮ್ಮ ಹುಡುಗ ಇಲ್ಲೇ ಕೂತಿದ್ದಾನೆ. ಇಷ್ಟು ದಿನದ ಇಷ್ಟು ಬಾಕಿ ಅನ್ನುತ್ತಾನೆ. ನಿಮ್ಮ ಲೆಕ್ಕ ಏನು?" ಇಷ್ಟೇ. ಊರಿನ ದನಿ ಒಂದು ಆ ಕಡೆ ಕೇಳಿದ್ದೇ ಸಾಕು, ಎಷ್ಟೋ ಪ್ರಕರಣ ಅಲ್ಲೇ ಮುಗಿಯುತ್ತವೆ. ಕೊಡುತ್ತೇನೆ ಅಂದರೆ ತಾರೀಖು ಕೇಳಿ, ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ.

ಆಗಲಿಲ್ಲ ಎಂದರೆ ಮೇಲಿನವರನ್ನು ಹಿಡಿಯಿರಿ. ಮೇಸ್ತ್ರಿಯ ಮೇಲೆ ಸಣ್ಣ ಗುತ್ತಿಗೆದಾರ, ಅವನ ಮೇಲೆ ದೊಡ್ಡವನು, ಅವನ ಮೇಲೆ ಕೆಲಸದ ಮೂಲ ಮಾಲೀಕ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು. ಇದು ಹೊಸದಲ್ಲ, 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಇತ್ತು. ಲಿಖಿತ ಪತ್ರವನ್ನು ನೋಂದಾಯಿತ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನ.

ಆಮೇಲೆ ಕಾರ್ಮಿಕ ಇಲಾಖೆ. ಇಲ್ಲಿ ನಮ್ಮ ಜಿಲ್ಲೆಯವರು ಎಡವುವುದು ಜಾಸ್ತಿ. ಮನೆ, ಲಾಡ್ಜ್, ತೋಟ, ಅಂಗಡಿಯ ಕೆಲಸವಾದರೆ ರಾಜ್ಯದ ಕಾರ್ಮಿಕ ಅಧಿಕಾರಿ, ತಾಲೂಕಿನ ಕಾರ್ಮಿಕ ನಿರೀಕ್ಷಕರು. ಕೈಗಾ ಅಣುವಿದ್ಯುತ್ ಕೇಂದ್ರ, ಸೀಬರ್ಡ್ ನೌಕಾನೆಲೆ, ಕೊಂಕಣ ರೈಲ್ವೆ ಇವುಗಳ ಗುತ್ತಿಗೆ ಕೆಲಸವಾದರೆ ಅದು ಕೇಂದ್ರದ ಕಾರ್ಮಿಕ ಆಯುಕ್ತರ ವ್ಯಾಪ್ತಿ. ಅವರದು ಸಮಾಧಾನ್ ಅನ್ನುವ ಪೋರ್ಟಲ್ ಇದೆ. ತಪ್ಪು ಕಚೇರಿಗೆ ಅರ್ಜಿ ಕೊಟ್ಟು ಎರಡು ತಿಂಗಳು ಕಾದು "ಇದು ನಮ್ಮದಲ್ಲ" ಅನ್ನಿಸಿಕೊಂಡವರು ನಾವು. ಅಷ್ಟರಲ್ಲಿ ಹುಡುಗ ಊರಿಗೆ ಹೋಗಿದ್ದ.

ಅರ್ಜಿಗೆ ಸಹಿ ಕಾರ್ಮಿಕನದೇ ಇರಲಿ. ವೇತನ ಸಂಹಿತೆಯಡಿ ಅವನು, ಅವನು ಸದಸ್ಯನಾಗಿರುವ ನೋಂದಾಯಿತ ಕಾರ್ಮಿಕ ಸಂಘಟನೆ, ಅಥವಾ ಇಲಾಖೆಯ ನಿರೀಕ್ಷಕರು ಅರ್ಜಿ ಹಾಕಬಹುದು. ನಮ್ಮಂಥ ಸಂಘ ಬರೆದುಕೊಡಬಹುದು, ಜೊತೆಗೆ ಹೋಗಬಹುದು. ಅವನು ಊರಿಗೆ ಹೊರಡುವ ಮೊದಲು ಸಹಿ ಮಾಡಿದ ಅರ್ಜಿ, ಪಾಸ್‌ಬುಕ್ ಪ್ರತಿ, ಊರಿನ ವಿಳಾಸ, ಮನೆಯವರ ನಂಬರ್ ತೆಗೆದುಕೊಳ್ಳಿ. ವಕೀಲರು ಬೇಕಾದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲೂಕುಗಳಲ್ಲಿ ಅದರ ಸಮಿತಿಗಳಿವೆ. ಸಹಾಯವಾಣಿ 15100.

ಬೋಟಿನ ಲೆಕ್ಕ ಬೇರೆ. ಅಲ್ಲಿ ಪಾಲು, ಮುಂಗಡ, ಡೀಸೆಲ್ ಖರ್ಚು ಎಲ್ಲ ಕಲಸಿಕೊಂಡಿರುತ್ತದೆ. ಇಲಾಖೆಗಿಂತ ಮೊದಲು ಬೋಟು ನಡೆಸುವ ತಾಂಡೇಲರನ್ನೂ ಬೋಟ್ ಮಾಲೀಕರ ಸಂಘದವರನ್ನೂ ಕೂರಿಸಿ ಮಾತಾಡುವುದು ಉಪಯೋಗ. ಆದರೆ "ಮುಂಗಡ ತೀರುವ ತನಕ ಹೋಗುವ ಹಾಗಿಲ್ಲ" ಅಂತ ಯಾರನ್ನಾದರೂ ಹಿಡಿದಿಟ್ಟರೆ, ಬೋಟಾಗಲಿ ಇಟ್ಟಿಗೆ ಭಟ್ಟಿಯಾಗಲಿ, ಅದು ಪಂಚಾಯ್ತಿಕೆಯ ವಿಷಯವಲ್ಲ. 1976ರ ಕಾಯ್ದೆಯ ಪ್ರಕಾರ ಜೀತ. ನೇರವಾಗಿ ಉಪವಿಭಾಗಾಧಿಕಾರಿಗೆ ಹೋಗಿ. ಕಾರವಾರ, ಕುಮಟಾ, ಭಟ್ಕಳ, ಶಿರಸಿಯಲ್ಲಿ ಅವರ ಕಚೇರಿಗಳಿವೆ.

6. ಬಿದ್ದಾಗ, ಸತ್ತಾಗ

ಸ್ಕಾಫೋಲ್ಡಿಂಗ್‌ನಿಂದ ಬಿದ್ದವನನ್ನು ಆಸ್ಪತ್ರೆಗೆ ತಂದವರು "ರೂಮಿನಲ್ಲಿ ಜಾರಿ ಬಿದ್ದ" ಅಂತ ಬರೆಸಿಬಿಡುತ್ತಾರೆ. ಆ ಒಂದು ಸಾಲಿನಿಂದ ಪರಿಹಾರ ಹೋಗುತ್ತದೆ. ಫೋನ್ ಬಂದ ಕೂಡಲೇ ನಿಮ್ಮಲ್ಲಿ ಒಬ್ಬರು ಆಸ್ಪತ್ರೆಗೆ ಓಡಿ. ಎಲ್ಲಿ, ಯಾವ ಕೆಲಸದಲ್ಲಿ, ಎಷ್ಟು ಹೊತ್ತಿಗೆ ಬಿದ್ದ ಅನ್ನುವುದು ದಾಖಲಾಗಬೇಕು, ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ) ಆಗಬೇಕು. ನಮ್ಮ ಜಿಲ್ಲೆಯಿಂದ ಗಂಭೀರ ಗಾಯದವರನ್ನು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಕಳಿಸುವುದು ಎಲ್ಲರಿಗೂ ಗೊತ್ತಿರುವ ಸಂಕಟ. ಆಂಬುಲೆನ್ಸ್ ಹೊರಡುವ ಮೊದಲು ಇಲ್ಲಿನ ಚೀಟಿಯ ಫೋಟೋ ತೆಗೆದುಕೊಳ್ಳಿ. ಆಯುಷ್ಮಾನ್ ಕಾರ್ಡ್ ಬೇರೆ ರಾಜ್ಯದ್ದಿದ್ದರೂ ಕೇಳಿ ನೋಡಿ, ಯೋಜನೆ ರಾಜ್ಯದ ಗಡಿ ದಾಟಿ ನಡೆಯುವಂಥದ್ದು.

ಸಾವಾದರೆ ಮರಣೋತ್ತರ ಪರೀಕ್ಷೆ ವರದಿ, ಪೊಲೀಸ್ ದೂರಿನ ಪ್ರತಿ, ಮರಣ ಪ್ರಮಾಣಪತ್ರ ನಾಲ್ಕೈದು ಪ್ರತಿ ಮಾಡಿಸಿ. ಮನೆಯವರು ಒಡಿಶಾದಿಂದ ಮತ್ತೆ ಮತ್ತೆ ಬರಲಾರರು. ಮಾಲೀಕನ ಕಡೆಯವರು ಐವತ್ತು ಸಾವಿರ ಕೈಗಿಟ್ಟು "ಇನ್ನು ಯಾವ ಹಕ್ಕೂ ಇಲ್ಲ" ಅಂತ ಸಹಿ ಹಾಕಿಸಿಕೊಳ್ಳಲು ಬರುತ್ತಾರೆ. ಕೆಲಸದಲ್ಲಿ ಸತ್ತವರ ಪರಿಹಾರವನ್ನು ಮಾಲೀಕ ಅದಕ್ಕೆ ನೇಮಿಸಿದ ಸಕ್ಷಮ ಪ್ರಾಧಿಕಾರದ ಹತ್ತಿರ (ಹಳೆಯ ಕಾನೂನಿನಲ್ಲಿ ಪರಿಹಾರ ಆಯುಕ್ತರು) ಠೇವಣಿ ಇಡಬೇಕು. ನೇರವಾಗಿ ಕೊಟ್ಟದ್ದು ಪರಿಹಾರ ಅನ್ನಿಸಿಕೊಳ್ಳುವುದಿಲ್ಲ. ದುಃಖದಲ್ಲಿರುವವರಿಗೆ ಈ ಮಾತನ್ನು ಮೆಲ್ಲಗೆ, ಅವರ ಭಾಷೆಯಲ್ಲಿ ಹೇಳುವವರು ಬೇಕು.

7. ಮುಂದಿನ ಕೆಲಸ

ಬಾಕಿ ವಸೂಲಿಯಷ್ಟೇ ಮುಖ್ಯ, ಮುಂದಿನ ಸಲ ಒಳ್ಳೆ ಜಾಗ ಸಿಗುವುದು. ನಾವು ಮಾಡುವುದು ಸರಳ. ಪ್ರತಿ ಭಾನುವಾರ ಬಂದವರನ್ನು ಕೇಳುತ್ತೇವೆ: ಈ ವಾರ ಗಾರೆಗೆ ಎಷ್ಟು, ಹೆಲ್ಪರ್‌ಗೆ ಎಷ್ಟು, ಸೆಂಟ್ರಿಂಗ್‌ಗೆ ಎಷ್ಟು? ಅದನ್ನು ಗೋಡೆಯ ಮೇಲಿನ ಹಲಗೆಯಲ್ಲಿ ಬರೆಯುತ್ತೇವೆ. ಹೆಸರಿಲ್ಲ, ದರ ಮಾತ್ರ. ಪಕ್ಕದಲ್ಲಿ ಸರ್ಕಾರದ ಕನಿಷ್ಠ ವೇತನದ ಪಟ್ಟಿ. ಹೊಸದಾಗಿ ಬಂದ ಹುಡುಗ ಆ ಹಲಗೆ ನೋಡಿ ನಾಳೆ ಮೇಸ್ತ್ರಿಯ ಹತ್ತಿರ ದರ ಮಾತಾಡುತ್ತಾನೆ.

ಕೆಟ್ಟವರ ಪಟ್ಟಿ ಮಾಡಬೇಡಿ, ಮಾನನಷ್ಟದ ನೋಟಿಸ್ ಬರುತ್ತದೆ. ಸರಿಯಾಗಿ ಕೊಡುವವರ ಪಟ್ಟಿ ಮಾಡಿ. ಅದರಲ್ಲಿ ಹೆಸರಿಲ್ಲದವರಿಗೆ ತಾನಾಗಿಯೇ ಅರ್ಥವಾಗುತ್ತದೆ.

ಶಿರಸಿ, ಸಿದ್ದಾಪುರ ಕಡೆ "ಆಳು ಸಿಗೋದಿಲ್ಲ" ಅನ್ನುವ ಗೋಳು ಇದ್ದೇ ಇದೆ. ಅಲ್ಲಿನ ಸಂಘಗಳು ತೋಟದ ಮಾಲೀಕರನ್ನು ಕೂರಿಸಿ ಒಂದು ಪುಟದ ಕರಾರು ಮಾಡಿಸಬಹುದು. ದಿನಕ್ಕೆ ಇಷ್ಟು, ಊಟ ಯಾರದು, ಮಳೆ ಬಂದ ದಿನ ಏನು, ಮರ ಹತ್ತುವವನಿಗೆ ಹಗ್ಗ ಮತ್ತು ವಿಮೆ, ಊರಿಗೆ ಹೋಗುವ ಬಸ್ ಚಾರ್ಜು. ಒಂದು ಪ್ರತಿ ಮಾಲೀಕನಿಗೆ, ಒಂದು ಕೆಲಸದವನಿಗೆ, ಒಂದು ಸಂಘಕ್ಕೆ. ಹೇಳಿದ ಹಾಗೆ ನಡೆದುಕೊಂಡ ಮನೆಗೆ ಮುಂದಿನ ವರ್ಷ ಅದೇ ಜನ ತಾವಾಗಿ ಬರುತ್ತಾರೆ.

ದೊಡ್ಡ ಸೈಟುಗಳಲ್ಲಿ ಒಂದು ಪ್ರಶ್ನೆ ಕೇಳಿ. ಹೊರರಾಜ್ಯದ 10 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಊರಿಗೆ ಹೋಗಿಬರುವ ಪ್ರಯಾಣ ಭತ್ಯೆಯ ಹಕ್ಕು ಹೊಸ ಸಂಹಿತೆಯಲ್ಲಿದೆ. 1979ರ ಹಳೆಯ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರ ಕರೆತಂದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ಈಗ ತಾನಾಗಿ ರೈಲು ಹತ್ತಿ ಬಂದು ಕೆಲಸಕ್ಕೆ ಸೇರಿದವನೂ ಸೇರುತ್ತಾನೆ, ತಿಂಗಳ ಕೂಲಿ 18,000 ರೂಪಾಯಿ ಮೀರದಿದ್ದರೆ.

ಕೆಲಸ ಕೊಡಿಸಿದ್ದಕ್ಕೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ, ಎರಡೂ ಕಡೆಯಿಂದ. ಮುಟ್ಟಿದ ದಿನ ನೀವೂ ಮೇಸ್ತ್ರಿಯೇ.

8. ಹೆಂಗಸರು, ಮಕ್ಕಳು

ಮಗುವಿನ ಟಿಸಿ ಇಲ್ಲ ಅಂತ ಶಾಲೆ ವಾಪಸ್ ಕಳಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಿ ಅನ್ನುತ್ತದೆ. ಗರ್ಭಿಣಿಯರ ವಿಷಯ ಆಶಾ ಕಾರ್ಯಕರ್ತೆಯ ಕಿವಿಗೆ ಹಾಕಿ, ತಾಯಿ ಕಾರ್ಡ್ ಆಗುತ್ತದೆ. ಮಕ್ಕಳು ಕೆಲಸದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹೆಂಗಸರ ಜೊತೆ ಮಾತಿಗೆ ಸಂಘದ ಹೆಂಗಸರೇ ಹೋಗಲಿ, ಅದೂ ಅವರು ನೀರು ತುಂಬುವ ಹೊತ್ತಿಗೆ. ಗಂಡಸರ ಮುಂದೆ ಅವರು "ಎಲ್ಲ ಸರಿ ಇದೆ" ಅಂತಲೇ ಹೇಳುತ್ತಾರೆ.

9. ಮೇ ತಿಂಗಳ ಕೊನೆಯ ವಾರ

ಇದನ್ನು ಕ್ಯಾಲೆಂಡರ್‌ನಲ್ಲಿ ಕೆಂಪಿನಲ್ಲಿ ಬರೆದಿಡಿ. ಬೋಟುಗಳು ದಡ ಸೇರುವ ವಾರ. ನಾವು ದಿನಾ ಸಂಜೆ ಬೈತಕೋಲಕ್ಕೆ ಹೋಗುತ್ತೇವೆ. ಲೆಕ್ಕ ಮುಗಿಯಿತಾ, ಆಧಾರ್ ವಾಪಸ್ ಬಂತಾ, ಟಿಕೆಟ್ ಆಯಿತಾ ಅಂತ ಒಬ್ಬೊಬ್ಬರನ್ನೂ ಕೇಳುತ್ತೇವೆ. ಬಾಕಿ ಇದ್ದವರ ಸಹಿ ಅಲ್ಲೇ ಆಗುತ್ತದೆ. ನೋಟ್‌ಬುಕ್ ತುಂಬಿದ್ದರೆ ಹೊಸದು ಕೊಡುತ್ತೇವೆ. ಎರಡು ತಿಂಗಳು ಊರಿನ ಗದ್ದೆಯಲ್ಲಿ ಅದು ಬೇಕಾಗುವುದಿಲ್ಲ ನಿಜ. ಆದರೆ ಮೊದಲ ಪುಟದಲ್ಲಿ ಸಂಘದ ನಂಬರ್ ಇರುತ್ತದೆ. ಕಳೆದ ಆಗಸ್ಟ್‌ನಲ್ಲಿ ಒಬ್ಬ ರೈಲು ಹತ್ತುವ ಮೊದಲೇ ಫೋನ್ ಮಾಡಿ, "ಈ ಸಲ ಯಾವ ಬೋಟು ಒಳ್ಳೇದು?" ಅಂತ ಕೇಳಿದ.